ಕುಸುಬೆ ಎಣ್ಣೆಯ ವಾರ್ನಿಶ್

ನಾನು ರಸಾಯನ ತಂತ್ರ ಓದಿದವನೆಂದು ಗೊತ್ತಾದ ಕೂಡಲೇ ಜನ, “ಏನು ಕಂಡುಹಿಡಿದಿರಿ?” ಎಂದು ಕೇಳುತ್ತಾರೆ. ನಾನು ಮಳೆಯ ಮಾತು ತೆಗೆಯುತ್ತೇನೆ. ಮಳೆಗಾಲ ಅಲ್ಲದಿದ್ದರೆ ಬಿಸಿಲಿನದು.

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ತಾಂಡೂರಿನಿಂದ ಹೈದರಾಬಾದಿಗೆ ಓದಲು ಹೋದವನು ನಾನು. ಪಾಠವೆಲ್ಲ ಉರ್ದುವಿನಲ್ಲಿ. ರಸಾಯನಶಾಸ್ತ್ರಕ್ಕೆ ಅಲ್ಲಿ ಕೀಮಿಯಾ ಎಂದು ಹೆಸರು. ತಾಮ್ರವನ್ನು ಬಂಗಾರ ಮಾಡುವ ಹಳೆಯ ವಿದ್ಯೆಗೂ ಅದೇ ಹೆಸರು. ಹೀಗಾಗಿ ನಮ್ಮ ಅವ್ವನಿಗೆ ನನ್ನ ಮೇಲೆ ಅತಿಯಾದ ಭರವಸೆ. ಮೊದಲ ರಜೆಗೆ ನಾನು ತಂದದ್ದು ನಾನೇ ಕುದಿಸಿದ ಒಂದು ಸಾಬೂನು. ಅವಳು ಒಮ್ಮೆ ಕೈ ತೊಳೆದು ನೋಡಿ, ಮರುದಿನ ಕಡಲೆಹಿಟ್ಟಿಗೆ ಮರಳಿದಳು.

ಕೊನೆಯ ವರ್ಷದ ಸಂಶೋಧನೆಗೆ ನನ್ನ ಜೊತೆಗಾರನಾದವನು ಜಹೀರಾಬಾದ್ ಹತ್ತಿರದ ಝರಾಸಂಗಂನ ವೀರಪ್ಪ. ನಮ್ಮ ಸೀಮೆಯ ಕುಸುಬೆ ಎಣ್ಣೆಯನ್ನು ಹದವಾಗಿ ಕಾಯಿಸಿ, ಕಟ್ಟಿಗೆಗೆ ಬಳಿಯುವ ವಾರ್ನಿಶ್ ಮಾಡಬೇಕೆಂಬುದು ಅವನ ಹಂಬಲ. ಯುದ್ಧದ ದಿನಗಳು; ಒಡೆದ ಉಷ್ಣಮಾಪಕಕ್ಕೆ ಇನ್ನೊಂದು ಸಿಗುತ್ತಿರಲಿಲ್ಲ. ವೀರಪ್ಪ ಎಣ್ಣೆಯಲ್ಲಿ ಕೋಳಿಯ ಪುಕ್ಕ ಅದ್ದಿ, ಅದು ಮುರುಟುವ ಬಗೆ ನೋಡಿ ಕಾವು ಹೇಳುತ್ತಿದ್ದ. ಅವನು ಹೇಳಿದ್ದನ್ನು ಒಳ್ಳೆಯ ಉರ್ದುವಿನಲ್ಲಿ ಬರೆಯುವುದು ನನ್ನ ಪಾಲಿನ ವಿಜ್ಞಾನ. ಪುಕ್ಕವೆಂದು ಬರೆಯಲು ನಾಚಿಕೆಯಾಗಿ ‘ಅನುಭವದ ಅಂದಾಜು’ ಎಂದು ಬರೆದೆ.

ಒಂದು ಮಧ್ಯಾಹ್ನ ಅವನು ಹೊರಗೆ ಹೊರಟವನು ತಿರುಗಿ ನಿಂತು, “ಒಲಿ ಮುಂದಿಂದ ಏಳಬ್ಯಾಡ. ಹೊಗಿ ಹೆಚ್ಚಾದ್ರ ಪಾತ್ರಿ ಇಳಸು” ಎಂದ. ಹೂಂ ಎಂದೆ. ಅಷ್ಟರಲ್ಲಿ ಯಾರೋ, ಬಣ್ಣದ ಕಾರ್ಖಾನೆಯೊಂದು ನಮ್ಮ ತರಗತಿಯಿಂದ ಒಬ್ಬನನ್ನು ನೌಕರಿಗೆ ತೆಗೆದುಕೊಳ್ಳುತ್ತದಂತೆ, ನೋಟಿಸು ಹಚ್ಚಿದ್ದಾರೆ ಎಂದು ಕೂಗಿದರು. ಎದ್ದು ಹೋದೆ. ಒಮ್ಮೆ ಓದಿ ಸಾಲದೆ ಮತ್ತೊಮ್ಮೆ ಓದಿದೆ. ಮರಳುವಷ್ಟರಲ್ಲಿ ಎಣ್ಣೆಗೆ ಬೆಂಕಿ ಹತ್ತಿತ್ತು. ನನಗಿಂತ ಮೊದಲೇ ಬಂದಿದ್ದ ವೀರಪ್ಪ ಹಸಿ ಗೋಣಿಚೀಲ ಹೊದಿಸಿ ಅದನ್ನು ಆರಿಸಿದ್ದ. ಅವನ ಎರಡೂ ಅಂಗೈ ಸುಟ್ಟಿದ್ದವು.

ಮುಂದಿನ ವಾರ ಕಾರ್ಖಾನೆಯ ಸಾಹೇಬರು ಆ ನೌಕರಿಗೆ ಆಳನ್ನು ಆರಿಸಲು ಬಂದು ನಮ್ಮಿಬ್ಬರನ್ನೂ ಎದುರು ನಿಲ್ಲಿಸಿಕೊಂಡರು. ಬಟ್ಟೆ ಸುತ್ತಿದ ಕೈಗಳನ್ನು ನೋಡಿ, ಇದು ಯಾರ ಅಜಾಗರೂಕತೆ ಎಂದು ಕೇಳಿದರು. ವೀರಪ್ಪ ಒಮ್ಮೆ ನನ್ನತ್ತ ನೋಡಿದ. ನಾನು ನನ್ನ ಬೂಟು ನೋಡಿಕೊಂಡೆ. “ಒಲೆ ನನ್ನದೇ ಸಾಹೇಬರೆ” ಎಂದ ಅವನು, ತನ್ನ ತಡವರಿಸುವ ಉರ್ದುವಿನಲ್ಲಿ. ನೌಕರಿ ನನಗೆ ಸಿಕ್ಕಿತು.

ಅವನು ನಾರಾಯಣಖೇಡದ ಶಾಲೆಯಲ್ಲಿ ಮಾಸ್ತರನಾದ. ನಾನು ಒಂದು ಕಾಗದವನ್ನೂ ಬರೆಯಲಿಲ್ಲ. ಕೆಲವು ವರ್ಷಗಳ ನಂತರ, ತಡೆಯಲಾಗದೆ, ಜಹೀರಾಬಾದಿನವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ಬಸ್ಸು ಹಿಡಿದೆ. ವೀರಪ್ಪ ಶಾಲೆಯ ಪಡಸಾಲೆಯಲ್ಲಿದ್ದ. ಅಂಗೈಯ ಚರ್ಮ ಬಿಗಿದು ಬೆರಳು ಪೂರ್ತಿ ಮಡಚುತ್ತಿರಲಿಲ್ಲ; ಎರಡೇ ಬೆರಳ ತುದಿಯಲ್ಲಿ ಸೀಮೆಸುಣ್ಣ ಹಿಡಿದಿದ್ದ.

“ಬಾರೋ, ಕಾರ್ಖಾನಿ ಸಾಹೇಬ! ನಮ್ಮ ವಾರ್ನಿಶ್ ಎಲ್ಲಿತನ ಬಂತು?”

“ವೀರಪ್ಪ, ಅವತ್ತ ಒಲಿ ಬಿಟ್ಟು ಹೋದಾಂವ ನಾನು. ಸಾಹೇಬರ ಮುಂದ ಹೇಳಬೇಕಿತ್ತು.”

“ಅದೇನ್ ನಂಗ ಹೊಸಾದಾ? ಹೇಳಿದ್ರ, ಒಬ್ಬರ ಮ್ಯಾಲ ಒಬ್ರು ಹಾಕ್ತಾರ ಅಂತ ಇಬ್ರನ್ನೂ ಬಿಡ್ತಿದ್ರು. ಒಬ್ಬಾಂವರೆ ಒಳಗ ಹೋದ್ರ ಕೆಲ್ಸ ಮುಂದ ನಡೀತದ ಅಂತ ಸುಮ್ನಾದೆ. ಅದ ಬಿಡು, ವಾರ್ನಿಶ್ ಏನಾತು ಹೇಳು.”

ಹೇಳಿದೆ. ಕಾರ್ಖಾನೆಗೆ ವಾರ್ನಿಶ್ ಪರಸ್ಥಳದಿಂದ ಪೀಪಾಯಿಗಳಲ್ಲಿ ಬರುತ್ತದೆ. ಮುದ್ರೆ ಒಡೆದಿಲ್ಲವೆಂದು ನೋಡಿ ಸಹಿ ಹಾಕುವುದು ನನ್ನ ಕೆಲಸ. ನಮ್ಮ ಬರಹವನ್ನು ಸಾಹೇಬರಿಗೆ ಒಮ್ಮೆ ತೋರಿಸಿದ್ದೆ. ಅವರು ನಕ್ಕರು.

“ಮತ್ತೊಂದ್ಸಲ ಕೇಳಲಿಲ್ಲೇನು?”

“ಇಲ್ಲ.”

ಅವನು ಬೆರಳಿಗೆ ಅಂಟಿದ ಸುಣ್ಣದ ಪುಡಿ ಒರೆಸಿಕೊಂಡ. “ನಾ ಇದ್ದಿದ್ರ ಕೇಳ್ತಿದ್ದೆ” ಎಂದ, ಮೆಲ್ಲಗೆ. ಗಂಟೆ ಹೊಡೆಯಿತು. ತರಗತಿಗೆ ಹೊರಟವನು ಬಾಗಿಲಲ್ಲಿ ತಿರುಗಿ, “ಉಂಡೇ ಹೋಗಬೇಕ ನೋಡು” ಎಂದು ಒಳಗೆ ಹೋದ.

ಅವನ ಮನೆಯಲ್ಲಿ ಉಂಡೆ. ಜೋಳದ ರೊಟ್ಟಿ, ಪುಂಡಿಪಲ್ಯ. ರುಚಿಯಾಗಿತ್ತು, ಪಲ್ಯವನ್ನು ಎರಡು ಸಲ ಕೇಳಿ ಹಾಕಿಸಿಕೊಂಡೆ. ಮತ್ತೊಮ್ಮೆ ಕೇಳುವುದೇನೂ ಕಷ್ಟದ ವಿದ್ಯೆಯಲ್ಲ. ನನಗೆ ಅದು ತಾಟಿನ ಮುಂದೆ ಮಾತ್ರ ಬರುತ್ತಿತ್ತು.