ಎರಡನೇ ಬದಿಯ ಬಳೆ ಸದ್ದು

ಕವರು ತೆರೆದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಸೀರೆಪೆಟ್ಟಿಗೆಯ ವಾಸನೆ ಬರುವ ಜಾಝ್ ರೆಕಾರ್ಡ್ ಜಗತ್ತಿನಲ್ಲಿ ಇದೊಂದೇ ಇರಬೇಕು. ಕಾಕಾ ತೀರಿಕೊಂಡ ಮೇಲೆ ಅವರ ಮಗಳು ಫ್ಲ್ಯಾಟ್ ಖಾಲಿ ಮಾಡುವಾಗ, “ಇಟ್ಸ್ ಫಾರ್ ಯೂ, ಡ್ಯಾಡ್ ಸೆಡ್” ಎಂದು ಇದನ್ನು ನನ್ನ ಕೈಗಿಟ್ಟು ಹೋಗಿದ್ದಳು.

ಕಾಕಾ ಲಂಡನ್ನಿನ ಈಸ್ಟ್ ಹ್ಯಾಮ್‌ನಲ್ಲಿ ನನ್ನ ಗೋಡೆಯಾಚೆಯ ನೆರೆಯವರು. ಧಾರವಾಡದವರು, ಸಂಗೀತದ ಬೈಠಕ್‌ಗಳಲ್ಲಿ ಕೂತು ಬೆಳೆದ ಕಿವಿ. ಎಷ್ಟೋ ವರ್ಷಗಳ ಹಿಂದೆ ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಕರೆದುಕೊಂಡು ಇಲ್ಲಿನ ಒಂದು ಕ್ಲಬ್ಬಿಗೆ ಹೋಗಿದ್ದರಂತೆ. ಪಿಯಾನೊ, ಬೇಸ್, ಡ್ರಮ್ಸ್... ಮೂರೇ ಜನ. ರೆಕಾರ್ಡ್ ಮಾಡುತ್ತಿದ್ದೇವೆ, ಸದ್ದು ಮಾಡಬೇಡಿ ಎಂದು ಮೊದಲೇ ಹೇಳಿದ್ದರು. ಆದರೆ ಪಿಯಾನೊದವನು ಒಂದು ಸ್ವರದ ಮೇಲೆ ನಿಂತು, ಕಾಯಿಸಿ, ಮೆಲ್ಲಗೆ ಕೆಳಗಿಳಿದಾಗ ಕಾಕಾರ ಬಾಯಿ ಸುಮ್ಮನಿರಬೇಕಲ್ಲ! ಊರಿನ ಬೈಠಕ್ಕಿನಲ್ಲಿ ಕೂತವರ ಹಾಗೆ “ವಾಹ್!” ಎಂದುಬಿಟ್ಟರು. ಇಡೀ ಕ್ಲಬ್ಬು ತಿರುಗಿ ನೋಡಿತು. ಕಾಕು ಗಾಬರಿಯಾಗಿ ಅವರ ಮೊಣಕಾಲಿಗೆ ಪಟ್ಟನೆ ಹೊಡೆದರು, ಗಾಜಿನ ಬಳೆಗಳು ಝಲ್ ಎಂದವು. ಆ ರಾತ್ರಿಯ ಆಲ್ಬಮ್, ಅಂದರೆ ಇದೇ ರೆಕಾರ್ಡ್, ಬಂದಾಗ ಎರಡೂ ಸದ್ದು ಅದರಲ್ಲೇ ಉಳಿದಿದ್ದವಂತೆ.

ಕಾಕು ತೀರಿಕೊಂಡ ಮೇಲೆ, ಭಾನುವಾರ ಮಧ್ಯಾಹ್ನ ಕಾಕಾ ಗೋಡೆ ತಟ್ಟಿ ನನ್ನನ್ನು ಕರೆಯುತ್ತಿದ್ದರು. ಚಹಾ ಕೊಟ್ಟು, ಕಾಕುವಿನ ಸೀರೆಗಳ ನಡುವಿನಿಂದ ರೆಕಾರ್ಡ್ ತೆಗೆದು ಎರಡನೇ ಬದಿ ಹಾಕುತ್ತಿದ್ದರು. ಆ “ವಾಹ್” ಬರುವ ಜಾಗ ಹತ್ತಿರವಾದಾಗ ಎಡ ಮೊಣಕಾಲನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಕಾಯುತ್ತಾ ಕೂರುತ್ತಿದ್ದರು.

“ಕೇಳಿಸ್ತೇನೋ ತಮ್ಮಾ, ಆಕೀ ಬಳಿ?”

“ಕೇಳಿಸ್ತು ಕಾಕಾ.”

ಕೇಳಿಸುತ್ತಿರಲಿಲ್ಲ. “ವಾಹ್” ಸ್ಪಷ್ಟವಾಗಿತ್ತು, ಆಮೇಲೆ ಬರೀ ಮುಳ್ಳಿನ ಕರಕರ. ಎರಡು ವರ್ಷ ಹೀಗೇ ಸುಳ್ಳು ಹೇಳಿದೆ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಒಂದು ಭಾನುವಾರ, “ಅದರಲ್ಲಿ ಏನೂ ಇಲ್ಲ ಕಾಕಾ, ಎಲ್ಲಾ ನಿಮ್ಮ ಭ್ರಮೆ” ಎಂದುಬಿಟ್ಟೆ.

ಕಾಕಾ ಮುಳ್ಳು ಎತ್ತಿಟ್ಟರು. ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ.

“ನೀ ಬಾಯಿ ಬಿಟ್ಟು ವಾಹ್ ಅನ್ನಂಗಿಲ್ಲಲ್ಲೋ. ಸುಮ್ಮ ಕೂತವರನ್ನ ಆಕಿ ಯಾಕ ಬಡೀತಾಳ?”

ಆಮೇಲೆ ಅವರು ಗೋಡೆ ತಟ್ಟಲಿಲ್ಲ. ನಾನೂ ಹೋಗಲಿಲ್ಲ. ಹೋಗಬಹುದಿತ್ತು, ನಡುವೆ ಇದ್ದದ್ದು ಒಂದೇ ಗೋಡೆ.

ಇವತ್ತು ಮಧ್ಯಾಹ್ನ ನಾನೇ ರೆಕಾರ್ಡ್ ಹಾಕಿದೆ. ಹೊರಗೆ ಒಳ್ಳೆಯ ಬಿಸಿಲಿತ್ತು. ಪಿಯಾನೊ ಆ ಸ್ವರದ ಮೇಲೆ ನಿಂತಿತು, ಕಾಯಿಸಿತು, ಇಳಿಯಿತು. ಕಾಕಾ “ವಾಹ್” ಎಂದರು. ಜೊತೆಯಲ್ಲೇ ನನ್ನ ಬಾಯಿಂದಲೂ ಬಂತು, ನಾನು ಅಂದುಕೊಂಡಿರಲೇ ಇಲ್ಲ.

ಝಲ್.

ಸದ್ದು ಸ್ಪೀಕರಿನಿಂದ ಬರಲಿಲ್ಲ. ನನ್ನ ಎಡ ಮೊಣಕಾಲಿನ ಹತ್ತಿರ ಬಂತು.

ಹೆದರಿದೆ. ಆ ಹೆದರಿಕೆಯಲ್ಲೇ ಎದ್ದು ಹೋಗಿ ಗೋಡೆ ತಟ್ಟಿದೆ.

“ಕೇಳಿಸ್ತು ಕಾಕಾ.”

ಆ ಮಾತನ್ನು ಮೊದಲ ಸಲ ನಿಜವಾಗಿ ಹೇಳಿದ್ದೆ. ಆಚೆ ಫ್ಲ್ಯಾಟ್ ಖಾಲಿಯಿತ್ತು.