ವರಾಛಾದ ಡಾಕ್ಟರ್ ಬಾಯಿ ಕೊಟ್ಟ ಶಕ್ತಿ ಗುಳಿಗೆ

ಸೂರತ್ತಿನ ವರಾಛಾ ರಸ್ತೆಯಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ವಜ್ರ ಉಜ್ಜುವ ಕಾರ್ಖಾನೆಗಳ ಬಾಗಿಲು ಮುಚ್ಚಿವೆ. ಚಹಾದ ಗಾಡಿಯವನು ಈಗಷ್ಟೇ ಸ್ಟೋವಿಗೆ ಪಂಪು ಹೊಡೆಯುತ್ತಿದ್ದಾನೆ. ಸಾಲಿನಲ್ಲಿ ಒಂದೇ ಒಂದು ಮಳಿಗೆಯ ಷಟರು ಅರ್ಧ ಮೇಲೆದ್ದಿದೆ. ಒಳಗೆ ಡಾ. ಕಮಲಾಕ್ಷಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಜಿನ ಸಿರಿಂಜುಗಳನ್ನು ಕುದಿಯುವ ನೀರಿಗೆ ಬಿಡುತ್ತಿದ್ದಾರೆ. ಹೊರಗಿನ ಕಟ್ಟೆಯ ಮೇಲೆ ಆಗಲೇ ಐದಾರು ಹೆಂಗಸರು ಮುಖದ ಮೇಲೆ ಸೆರಗೆಳೆದುಕೊಂಡು, ಹಾಲಿನ ಕ್ಯಾನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಈ ಬೀದಿಯ ಸೊಸೆಯಂದಿರು ಮನೆಯಿಂದ ಒಬ್ಬರೇ ಹೊರಬೀಳುವುದು ಹಾಲು ತರುವ ಹೊತ್ತಿನಲ್ಲಿ ಮಾತ್ರ. ಹಾಗಾಗಿ ಈ ದವಾಖಾನೆಯೂ ಹಾಲಿನ ಹೊತ್ತಿಗೇ ತೆರೆಯುತ್ತದೆ.

ನಾನು ಒಳಗೆ ಕಾಲಿಟ್ಟ ಕೂಡಲೇ ಕಂಪೌಂಡರ್ ಜೀವಣಭಾಯಿ ನನ್ನ ಮೊಣಕೈ ಹಿಡಿದು ಮೂಲೆಗೆ ಕರೆದೊಯ್ದು ಹಿಂದಿಯಲ್ಲಿ ಪಿಸುಗುಟ್ಟುತ್ತಾರೆ: "ನಿಮ್ಮ ಮಿತ್ರರಿಗೆ ತೊಂದರೆಯೋ?" ನನಗೆ ತಲೆಬುಡ ತಿಳಿಯುವುದಿಲ್ಲ. ಮಿತ್ರರೆಲ್ಲ ಬೆಂಗಳೂರಿನಲ್ಲಿ ಸುಖವಾಗಿದ್ದಾರೆ ಎನ್ನುತ್ತೇನೆ. ಅವರು ನಂಬುವುದಿಲ್ಲ. "ನಾಚಿಕೆ ಬೇಡ, ಎಲ್ಲರೂ ಮೊದಮೊದಲು ಹೀಗೇ," ಎಂದು ಬೆನ್ನು ಸವರುತ್ತಾರೆ. ಡಾಕ್ಟರು ಬಂದು, ಇವರು ಪತ್ರಿಕೆಯವರು, ನಮ್ಮ ಊರ ಕಡೆಯವರು ಎಂದು ಬಿಡಿಸಿ ಹೇಳುವ ತನಕ ನಾನು ಬೆವರುತ್ತ ನಿಂತಿರುತ್ತೇನೆ.

ಸಂಗತಿ ಇಷ್ಟು. ಗಂಡಸರು ಈ ರೋಗಗಳನ್ನು ಹೆಂಗಸಿನ ಮುಂದೆ ಹೇಳುವುದಿಲ್ಲ. ಆದ್ದರಿಂದ ಇಲ್ಲಿ ಕೋಣೆಯ ನಡುವೆ ಒಂದು ಹಸಿರು ಪರದೆ ಕಟ್ಟಿದ್ದಾರೆ. ಆಚೆ ಬದಿ ರೋಗಿ ಮತ್ತು ಜೀವಣಭಾಯಿ, ಈಚೆ ಬದಿ ಡಾಕ್ಟರು. ರೋಗಿ ತನಗಲ್ಲ, ತನ್ನ ಮಿತ್ರನಿಗೆ ಎನ್ನುತ್ತಾನೆ. ಜೀವಣಭಾಯಿ ಪರೀಕ್ಷಿಸಿ ಕಂಡದ್ದನ್ನು ಹೇಳುತ್ತಾರೆ, ಡಾಕ್ಟರು ಈಚೆಯಿಂದ ಪ್ರಶ್ನೆ ಕೇಳಿ ಔಷಧ ಬರೆಯುತ್ತಾರೆ. "ವರಾಛಾದಾಗ ಪ್ರತಿಯೊಬ್ಬಗೂ ಒಬ್ಬ ಜಡ್ಡಿನ ದೋಸ್ತ ಇದ್ದಾನ್ರಿ," ಎಂದು ನಗುತ್ತಾರೆ ಕಮಲಾಕ್ಷಿ. "ಆ ದೋಸ್ತ ಮಾತ್ರ ಇವತ್ತಿಗೂ ಬಂದಿಲ್ಲ."

ಹೆಂಗಸರ ದಾರಿಯೇ ಬೇರೆ. "ಇವ್ರಿಗೆಲ್ಲಾ ಬರೂದು ಕೆಮ್ಮು. ಕೆಮ್ಮಿಗೆ ಔಷಧ ಕೊಡ್ತೀನಿ, ತಗೋತಾರ. ಎದ್ದು ಹೋಗೂಮುಂದ ಹೊಚ್ಚಲದಾಗ ನಿಂತು, ‘ಬೆನ್’, ಅಂದ್ರ ಅಕ್ಕಾ, ‘ಇನ್ನೊಂದ್ ಮಾತು’ ಅಂತಾರ. ಆ ಇನ್ನೊಂದ್ ಮಾತಿಗೇ ಬಂದಿರ್ತಾರ ನೋಡ್ರಿ."

ಕಮಲಾಕ್ಷಿ ಗದಗಿನ ಕಡೆಯವರು. ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿದವರು. ಪತಿ ಬಾಲಚಂದ್ರ ಅವರು ವಿಮೆ ಇಲಾಖೆಯಲ್ಲಿ ಅಧಿಕಾರಿ. ಎಪ್ಪತ್ತರ ದಶಕದಲ್ಲಿ ಅಹಮದಾಬಾದಿಗೆ ವರ್ಗವಾಯಿತು, ಆಮೇಲೆ ವಡೋದರಾ, ಈಗ ಕೆಲವು ವರ್ಷಗಳಿಂದ ಸೂರತ್ತು. ಪ್ರತಿ ಊರಿನಲ್ಲೂ ಈಕೆ ಬೋರ್ಡು ಇಳಿಸಿ, ಗೋಣಿಯಲ್ಲಿ ಸುತ್ತಿ, ಮುಂದಿನ ಊರಲ್ಲಿ ತೂಗುಹಾಕಿದ್ದಾರೆ. ಪ್ರತಿ ಊರಿನಲ್ಲೂ ಮೊದಲ ಪ್ರಶ್ನೆ ಒಂದೇ: ಹೆರಿಗೆ ಮಾಡಿಸುತ್ತೀರಾ? ಇಲ್ಲ, ನಾನು ಮನೆಮಂದಿಗೆಲ್ಲ ನೋಡುವ ಡಾಕ್ಟರು, ಜ್ವರ, ವಾಂತಿಭೇದಿ, ಸಕ್ಕರೆ ಕಾಯಿಲೆ ಎಂದರೆ ಜನ ಎದ್ದು ಹೋಗುತ್ತಿದ್ದರಂತೆ. ಹೆಣ್ಣು ಡಾಕ್ಟರೆಂದರೆ ಹೆರಿಗೆ ಎಂದೇ ಎಲ್ಲರ ಲೆಕ್ಕ. ಸರಕಾರದ್ದೂ ಅದೇ ಲೆಕ್ಕ ಎಂಬ ಸಿಟ್ಟು ಈಕೆಗಿದೆ. "ಹೆಂಗಸಿನ ಹೊಟ್ಟಿ ಕಂಡ್ರ ಅವ್ರಿಗೆ ಮಕ್ಕಳು ನಿಲ್ಲಿಸೂ ಆಪರೇಶನ್ನೇ ನೆನಪಾಕ್ಕೈತಿ. ಆ ಹೊಟ್ಟಿಗೆ ನೋವು ಬರಬಹುದು, ಕೀವು ಆಗಬಹುದು, ಅದು ಯಾರಿಗೂ ಬ್ಯಾಡ."

ವರಾಛಾಕ್ಕೆ ಬಂದ ಮೇಲೆ ಆ ನೋವು, ಕೀವು ಎಲ್ಲ ಇವರ ಬಾಗಿಲಿಗೇ ಬಂದವು. ಇಲ್ಲಿ ವಜ್ರ ಉಜ್ಜುವವರು ಬಹುತೇಕ ಕಾಠಿಯಾವಾಡದ ಹಳ್ಳಿಗಳಿಂದ ಬಂದ ಹುಡುಗರು. ಹೆಂಡತಿಯನ್ನು ಊರಲ್ಲಿ ಬಿಟ್ಟು, ಹತ್ತು ಮಂದಿ ಒಂದು ಖೋಲಿಯಲ್ಲಿ ವರ್ಷಗಟ್ಟಲೆ ಇರುತ್ತಾರೆ. ಎಲ್ಲಿಂದಲೋ ರೋಗ ಅಂಟಿಸಿಕೊಳ್ಳುತ್ತಾರೆ. ದೀಪಾವಳಿಯ ಸೂಟಿಯಲ್ಲಿ ಅದನ್ನು ಮಿಠಾಯಿಯ ಜೊತೆ ಊರಿಗೆ ಒಯ್ಯುತ್ತಾರೆ. ಗೋಡೆಯ ಮೇಲಿನ ‘ಗುಪ್ತರೋಗ’ದ ಜಾಹೀರಾತು ನೋಡಿ ಗಂಡಸು ಎಲ್ಲಾದರೂ ಹೋದಾನು, ಹೆಂಡತಿ ಎಲ್ಲಿಗೆ ಹೋಗಬೇಕು? ಈ ರೋಗಗಳಿಗೆ ನಮ್ಮ ಪತ್ರಿಕೆಯಲ್ಲಿ ಯಾವ ಹೆಸರು ಬರೆಯಬೇಕು ಎಂಬುದೇ ನನಗೆ ಬಗೆಹರಿದಿಲ್ಲ. ಅಜ್ಜಿಯರ ಕಾಲದ ಹೆಸರು ಬರೆದರೆ ಅಸಹ್ಯವೆನ್ನಿಸುತ್ತದೆ, ಪಠ್ಯಪುಸ್ತಕದ ಹೆಸರು ಯಾರಿಗೂ ತಿಳಿಯುವುದಿಲ್ಲ.

ಗೊಂದಲ ನನಗೊಬ್ಬನಿಗೇ ಅಲ್ಲ. ಈಗೊಂದು ವರ್ಷದಿಂದ ಪತ್ರಿಕೆಗಳಲ್ಲಿ ಏಡ್ಸ್ ಎಂಬ ಹೊಸ ಹೆಸರು ಬರುತ್ತಿದೆ. ಹುಡುಗರು ಗಾಬರಿಯಿಂದ ಓಡಿಬರುತ್ತಾರೆ. "ಆ ಪರೀಕ್ಷಾ ಎಲ್ಲಿ ಮಾಡ್ತಾರ, ಬಂತು ಅಂದ್ರ ಮುಂದೇನು, ನನಗೂ ಗೊತ್ತಿಲ್ರಿ," ಎನ್ನುತ್ತಾರೆ ಡಾಕ್ಟರು. ಈ ವಿಷಯದ ಮೇಲೆ ಊರಿನ ವೈದ್ಯರು ಒಂದು ಉಪನ್ಯಾಸ ಇಟ್ಟುಕೊಂಡಿದ್ದರು. ಈಕೆ ಹೋದಾಗ ಹಿರಿಯರೊಬ್ಬರು ಬಾಗಿಲಲ್ಲೇ ಎದ್ದು ನಿಂತು, ಬೆನ್, ಇದು ಹೆಂಗಸರು ಕೂತು ಕೇಳುವಂಥದ್ದಲ್ಲ ಎಂದು ಬಹಳ ಗೌರವದಿಂದ ಹೇಳಿದರಂತೆ. ಈಕೆ ಅಷ್ಟೇ ಗೌರವದಿಂದ ಹಿಂದಿನ ಸಾಲಿನಲ್ಲಿ ಕೂತು ಕೇಳಿ ಬಂದರು. "ಕೇಳಿದ ಮ್ಯಾಲೂ ಏನೂ ತಿಳೀಲಿಲ್ಲ. ಹೇಳಾವ್ರಿಗೂ ತಿಳಿದಿರ್ಲಿಲ್ಲ."

ನಾನು ಬಂದ ವಾರ ಇವರನ್ನು ಕಾಡುತ್ತಿರುವುದು ಏಡ್ಸ್ ಅಲ್ಲ, ಹಂಸಾ ಎಂಬ ಹುಡುಗಿ. ಹೆಸರು ನಾನು ಬದಲಿಸಿದ್ದು. ಗಂಡ ಲವಜಿ ವಜ್ರದ ಕೆಲಸಗಾರ, ಅವನ ಹೆಸರೂ ಬದಲಿಸಿದ್ದೇ. ಬಹಳ ಕಾಲ ಒಬ್ಬನೇ ಖೋಲಿಯಲ್ಲಿದ್ದವನು, ಕಳೆದ ವರ್ಷ ತಾಯಿ ಜಮ್ಕುಬಾ ಮತ್ತು ಹೆಂಡತಿಯನ್ನು ಕರೆಸಿಕೊಂಡ. ಮದುವೆಯಾಗಿ ಇಷ್ಟು ದಿನವಾದರೂ ಮಗುವಿಲ್ಲ ಎಂದು ಅತ್ತೆಯೇ ಸೊಸೆಯನ್ನು ಇಲ್ಲಿಗೆ ಕರೆತಂದಳು. ಹಂಸಾಗೆ ಒಳಗೆ ನಂಜಿತ್ತು, ಗಂಡನಿಂದ ಬಂದದ್ದು. ಅದು ಬೇಗ ವಾಸಿಯಾಗದಿದ್ದರೆ ಗರ್ಭನಾಳ ಕಟ್ಟಿಕೊಂಡು ಮಗುವಿನ ಆಸೆ ಶಾಶ್ವತವಾಗಿ ಮುಗಿಯುತ್ತದೆ. ಡಾಕ್ಟರು ಇಬ್ಬರಿಗೂ ಸೇರಿಸಿ ಕೆಂಪು ಹಳದಿ ಕ್ಯಾಪ್ಸೂಲು ಕೊಟ್ಟರು. ಲವಜಿಗೆ ಜೀವಣಭಾಯಿಯ ಮೂಲಕ ನಿಜ ತಿಳಿಸಿದರು, ಅತ್ತೆಗೆ ಮಾತ್ರ, ಇದು ಶಕ್ತಿಯ ಗುಳಿಗೆ, ಗಂಡ ಹೆಂಡತಿ ಇಬ್ಬರೂ ತೆಗೆದುಕೊಳ್ಳಲಿ ಎಂದರು. ಹುಡುಗಿಯ ಮಾನ ಉಳಿಸಲು ಹೇಳಿದ ಮಾತು ಅದು.

ಲವಜಿ ಪರದೆಯಾಚೆ ಬಂದು ಪರೀಕ್ಷೆ ಮಾಡಿಸಿಕೊಂಡ, ಪೂರ್ತಿ ವಾಸಿಯಾಗಿದ್ದ. ಹಂಸಾ ಹಾಲಿನ ಹೊತ್ತಿಗೆ ಬಂದಳು, ನಂಜು ಇದ್ದಂತೆಯೇ ಇತ್ತು. ಗುಳಿಗೆ ಮುಗಿಯಿತೇ ಎಂದರೆ ಹೌದೆಂದು ತಲೆಯಾಡಿಸಿದಳು. ಮತ್ತೊಮ್ಮೆ ಕೊಟ್ಟರು. ಮತ್ತೆ ಅದೇ. ಗಂಡ ಸ್ವಚ್ಛ, ಹೆಂಡತಿಗೆ ರೋಗ. ಇದು ಹೇಗೆ ಎಂದು ಡಾಕ್ಟರಿಗೆ ತಿಳಿಯದಾಯಿತು. "ಖರೇ ಹೇಳ್ತೀನ್ರಿ, ಆ ಹುಡುಗಿ ಮ್ಯಾಲೇ ನನಗ ಸಂಶೇ ಬಂತು. ಮನೀಗೆ ಹೋಗಿ ಅನ್ನ ಉಣ್ಣಾಕ ಆಗ್ಲಿಲ್ಲ."

ಅದೇ ಸಂಶಯ ಲವಜಿಗೂ ಬಂತು. ನಾನು ಹೊರಗಿನ ಬೆಂಚಿನಲ್ಲಿ ಕೂತಿದ್ದ ಮಧ್ಯಾಹ್ನವೇ ಅವನು ಬಂದ. ಈ ಸಲ ಮಿತ್ರನ ಸುದ್ದಿ ಎತ್ತಲಿಲ್ಲ. ಪರದೆಯಾಚೆಯಿಂದ ಅವನ ದನಿ ರಸ್ತೆಗೇ ಕೇಳಿತು: ನನಗೆ ಗುಣವಾಗಿದೆ, ಹಾಗಾದರೆ ಅವಳಿಗೆ ಎಲ್ಲಿಂದ ಬರುತ್ತಿದೆ? ಸಂಕ್ರಾಂತಿ ಕಳೆದ ಕೂಡಲೇ ಅವಳನ್ನು ತವರಿಗೆ ಬಿಟ್ಟು ಬರುತ್ತೇನೆ, ಯಾಕೆ ಎಂದು ಅವಳ ಅಪ್ಪನಿಗೂ ಹೇಳಿಯೇ ಬರುತ್ತೇನೆ. ಜೀವಣಭಾಯಿ ಇದನ್ನು ಹಿಂದಿಯಲ್ಲಿ ನನಗೆ ಹೇಳಿದರು. ರೋಗ ತಂದವನು ತಾನು, ಹೆಸರು ಕೆಡುವುದು ಅವಳದು. ಕೇಳಿ ನನಗೆ ಮೈ ಉರಿದುಹೋಯಿತು. ಆದರೆ ನಾನೇನು ಮಾಡಬಲ್ಲೆ?

ಗಂಟು ಬಿಚ್ಚಿದ್ದು ಜಮ್ಕುಬಾಳ ಮೊಣಕಾಲು. ಮರುದಿನ ಕಾಲುನೋವೆಂದು ಬಂದವಳು ಡಾಕ್ಟರನ್ನು ಕೊಂಡಾಡತೊಡಗುತ್ತಾಳೆ. ನಿಮ್ಮ ಶಕ್ತಿಯ ಗುಳಿಗೆ ಬಹಳ ಚೆನ್ನಾಗಿದೆ, ಮಗನ ಮುಖ ಕೆಂಪಾಗಿದೆ ಎನ್ನುತ್ತಾಳೆ. ಸೊಸೆಗೆ? ಎನ್ನುತ್ತಾರೆ ಡಾಕ್ಟರು. ಸೊಸೆಗೆ ಯಾಕೆ, ಎಂದು ಜಮ್ಕುಬಾಗೆ ಅಚ್ಚರಿ. ಅವರ ಮನೆಯಲ್ಲಿ ಹೊರಗಿನಿಂದ ಬಂದದ್ದು, ತುಪ್ಪವಾಗಲಿ ಬೆಲ್ಲವಾಗಲಿ, ಅತ್ತೆಯ ಮರದ ಪೆಟಾರಿಗೆ ಹೋಗುತ್ತದೆ. ಬೀಗದ ಕೈ ಅವಳ ಸೊಂಟದಲ್ಲಿರುತ್ತದೆ. ಶಕ್ತಿಯ ಪದಾರ್ಥ ಮೊದಲು ದುಡಿಯುವ ಗಂಡಸಿಗೆ, ಉಳಿದರೆ ಹೆಂಗಸಿಗೆ. ದಿನವಿಡೀ ವಜ್ರದ ಮುಂದೆ ಬೆನ್ನು ಬಗ್ಗಿಸಿ ಕೂರುವ ಮಗನಿಗೆ ಎರಡೂ ಪಾಲು ಕೊಟ್ಟಿದ್ದಾಳೆ, ಸೊಸೆಗೆ ಓಮದ ನೀರು. ಹಂಸಾ ಅತ್ತೆಯ ಮೇಲೆ ಚಾಡಿ ಹೇಳಿದಂತಾಗುತ್ತದೆಂದು ಬಾಯಿ ಬಿಟ್ಟಿಲ್ಲ.

ಜಮ್ಕುಬಾ ಹೋದ ಮೇಲೆ ಡಾಕ್ಟರು ಹಂಸಾಳ ಚೀಟಿ ಹುಡುಕಿ ತೆಗೆಯುತ್ತಾರೆ. "ಜಡ್ಡು ಅಂದಿದ್ರ ಆಕಿ ಸೊಸೀಗೆ ಕೊಡ್ತಿದ್ಲು. ಶಕ್ತಿ ಅಂದೆ, ಮಗನಿಗೆ ಕೊಟ್ಲು. ತಪ್ಪು ಆಕೀದಲ್ರಿ, ನಂದು." ನನಗೂ ಯಾರ ಮೇಲೆ ಸಿಟ್ಟಾಗಬೇಕೆಂದು ತೋಚುವುದಿಲ್ಲ. ಈಗ ನಿಜ ಹೇಳೋಣವೆಂದರೆ, ಮಗ ರೋಗ ತಂದನೆಂದು ಯಾವ ತಾಯಿ ನಂಬುತ್ತಾಳೆ? ಸೊಸೆಯ ತಲೆಗೇ ಕಟ್ಟುತ್ತಾಳೆ. ಹೇಳದಿದ್ದರೆ ಸಂಕ್ರಾಂತಿ ದೂರವಿಲ್ಲ.

ಸಂಜೆ ಜೀವಣಭಾಯಿ ಕಾರ್ಖಾನೆಗೆ ಹೋಗಿ ಲವಜಿಯನ್ನು ಕರೆತರುತ್ತಾರೆ. ಅವನು ವಾಡಿಕೆಯಂತೆ ಆಚೆಗೆ ಹೋಗಿ ಕೂರುತ್ತಾನೆ. ಡಾಕ್ಟರು ಎದ್ದು ಪರದೆಯನ್ನು ಪಕ್ಕಕ್ಕೆ ಸರಿಸಿ ಅವನ ಎದುರೇ ನಿಲ್ಲುತ್ತಾರೆ. ಇಷ್ಟು ವರ್ಷದಲ್ಲಿ ಇದೇ ಮೊದಲು ಎಂದು ಜೀವಣಭಾಯಿ ಆಮೇಲೆ ಹೇಳಿದರು. ಮಾತು ಚಿಕ್ಕದು: ಅವಳ ಹೊಟ್ಟೆಗೆ ಒಂದು ಗುಳಿಗೆಯೂ ಹೋಗಿಲ್ಲ, ಅವಳ ಪಾಲನ್ನೂ ನೀನೇ ತಿಂದಿದ್ದೀಯ. ನೀನು ಕೊಟ್ಟ ರೋಗವೇ ಇನ್ನೂ ಅವಳಲ್ಲಿದೆ, ಹೊಸದೇನೂ ಬಂದಿಲ್ಲ. ನಾಳೆ ಬೆಳಿಗ್ಗೆ ಮೂವರೂ ಬನ್ನಿ. ಲವಜಿ ನೆಲ ನೋಡುತ್ತ ಹೊರಗೆ ಬರುತ್ತಾನೆ.

ಬೆಳಿಗ್ಗೆ ಮೂವರೂ ಬಂದಿದ್ದಾರೆ. ಹಿರಿಯರ ಮುಂದೆ ಗಂಡ ಹೆಂಡತಿ ಮಾತಾಡುವ ಪದ್ಧತಿ ಇವರಲ್ಲಿಲ್ಲ, ಹಾಗಾಗಿ ಲವಜಿ ಬಾಗಿಲಿಗೆ ಆತುಕೊಂಡು ನಿಂತಿದ್ದಾನೆ. ಹಂಸಾ ಮೂಲೆಯಲ್ಲಿ, ಮುಖ ಪೂರ್ತಿ ಮುಚ್ಚಿಕೊಂಡಿದ್ದಾಳೆ. ಜಮ್ಕುಬಾ ಶುರುಮಾಡುತ್ತಾಳೆ: ಇವಳಿಗೆ ಮಗುವಾಗುವುದಿಲ್ಲ ಅಂತ ಹೇಳಿಬಿಡಿ ಬೆನ್, ಅವರಪ್ಪನ ಮನೆಗೆ ಕಳಿಸುತ್ತೇವೆ. ಡಾಕ್ಟರು ಕ್ಯಾಪ್ಸೂಲಿನ ಡಬ್ಬಿಯನ್ನು ತಮ್ಮತ್ತ ಎಳೆದುಕೊಳ್ಳುತ್ತಾರೆ.

"ಬಾ," ಎಂದು ಲವಜಿ ತಾಯಿಯನ್ನು ಕರೆಯುತ್ತಾನೆ, ಇವರಲ್ಲಿ ಅಮ್ಮನಿಗೆ ಹಾಗೆನ್ನುತ್ತಾರೆ. "ಕಮಜೋರಿ, ನಿಶ್ಶಕ್ತಿ, ನನ್ನದು. ಇವಳದಲ್ಲ. ನನ್ನ ಇಲಾಜು ಮುಗಿಯುವ ತನಕ ಇವಳೂ ಇಲ್ಲೇ ಗುಳಿಗೆ ತಗೋಬೇಕು. ಎಲ್ಲಿಗೂ ಕಳಿಸೋದು ಬೇಡ."

ಜೀವಣಭಾಯಿ ನನ್ನ ಕಿವಿಯಲ್ಲಿ ಇದನ್ನು ಹಿಂದಿಯಲ್ಲಿ ಹೇಳುತ್ತಾರೆ. ಈ ಬೀದಿಯಲ್ಲಿ ಗಂಡಸೊಬ್ಬ ತಾಯಿಯ ಮುಂದೆ ಮಗುವಾಗದ ಕೊರತೆ ತನ್ನದೆಂದು ಒಪ್ಪಿಕೊಳ್ಳುವುದೆಂದರೆ ಸಣ್ಣ ವಿಷಯವಲ್ಲ. ಡಾಕ್ಟರು ಹಂಸಾಳ ಕೈಗೆ ಒಂದು ಕ್ಯಾಪ್ಸೂಲು ಇಡುತ್ತಾರೆ. ಅವಳು ಅಭ್ಯಾಸಬಲದಿಂದ ಆ ಕೈಯನ್ನು ಹಾಗೇ ಅತ್ತೆಯತ್ತ ಚಾಚುತ್ತಾಳೆ. ಜಮ್ಕುಬಾ ಗುಳಿಗೆಯನ್ನು ನೋಡುತ್ತಾಳೆ, ಮಗನನ್ನು ನೋಡುತ್ತಾಳೆ. ಆಮೇಲೆ ಸೊಸೆಯ ಕೈಯನ್ನು ಅವಳತ್ತಲೇ ಹಿಂದಕ್ಕೆ ತಳ್ಳುತ್ತಾಳೆ. ನೀರಿನ ಲೋಟ ತಾನೇ ಎತ್ತಿ ಕೊಡುತ್ತಾಳೆ.

ಅವರು ಹೋದ ಮೇಲೆ ಕಮಲಾಕ್ಷಿ ಕುರ್ಚಿಗೆ ಒರಗುತ್ತಾರೆ. ಮಗುವಾಗುತ್ತದೆಯೇ ಎಂದು ಕೇಳುತ್ತೇನೆ.

"ಗೊತ್ತಿಲ್ರಿ. ತಡಾ ಆಗಿರಬಹುದು. ಅಂವ ಕಮಜೋರಿ ಅಂದದ್ದೂ ಪೂರಾ ಖರೇ ಅಲ್ಲ, ನಾನೂ ತಿದ್ದಲಿಲ್ಲ. ಅದು ಚಲೋ ಆತೋ ಕೆಟ್ಟಾತೋ, ಅದೂ ಗೊತ್ತಿಲ್ಲ." ಹೊರಗಿನ ಹೆಂಗಸರಲ್ಲಿ ಮುಂದಿನವಳನ್ನು ಕೈಸನ್ನೆಯಲ್ಲಿ ಕರೆದು, ನನ್ನ ಕಡೆ ತಿರುಗುತ್ತಾರೆ. "ಆದ್ರ ಇವತ್ತಿನ ಗುಳಗಿ ಯಾರ ಹೊಟ್ಟಿಗೆ ಹೋತು ಅನ್ನೂದನ್ನ ಮಾತ್ರ ನಾ ಕಣ್ಣಾರೆ ನೋಡೀನಿ."