ಗಿರಣಿ ನಿಂತಾಗ ಕೇಳಿದ ಮಾತು

ಆಗ ನಮ್ಮ ಶಿಕಾರಿಪುರದಲ್ಲಿ ಒಂದೊಂದು ಕಬಡ್ಡಿ ಪಂದ್ಯವೂ ಎರಡೆರಡು ಸಲ ನಡೆಯುತ್ತಿತ್ತು. ಮೊದಲನೆಯದು ಕಾಲೇಜಿನ ಮೈದಾನದಲ್ಲಿ, ಎರಡನೆಯದು ನಮ್ಮ ಅಪ್ಪಾಜಿಯ ಹಿಟ್ಟಿನ ಗಿರಣಿಯ ಮುಂದೆ. ಮೈದಾನದ ಆಟ ಸಂಜೆ ಚಹಾದ ಹೊತ್ತಿಗೆ ಮುಗಿದುಹೋಗುತ್ತಿತ್ತು. ಗಿರಣಿಯ ಆಟ ಮುಂದಿನ ಪಂದ್ಯದ ತನಕ ಎಳೆಯುತ್ತಿತ್ತು.

ನಾನು ಐದನೇ ಕ್ಲಾಸಿನಲ್ಲಿದ್ದೆ. ಶಾಲೆ ಬಿಟ್ಟವಳು ಮನೆಗೆ ಹೋಗದೆ ನೇರ ಗಿರಣಿಗೆ ಬಂದು, ಖಾಲಿ ಚೀಲಗಳ ಒಟ್ಟಿಲಿನ ಮೇಲೆ ಕೂರುತ್ತಿದ್ದೆ. ಆಗ ತಾನೆ ಬಿದ್ದ ಜೋಳದ ಹಿಟ್ಟಿನ ಬೆಚ್ಚನೆಯ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಖಾರದಪುಡಿ ಬೀಸುವ ದಿನ ಮಾತ್ರ ಇಡೀ ಓಣಿಯೇ ಸೀನುತ್ತಿತ್ತು. ಅಪ್ಪಾಜಿಯ ಹುಬ್ಬು, ಮೀಸೆ, ಕಿವಿಯ ಕೂದಲೆಲ್ಲ ಸಂಜೆಯಾಗುವಷ್ಟರಲ್ಲಿ ಬೆಳ್ಳಗಾಗಿ, ಅವರು ನಾಟಕದಲ್ಲಿ ಮುದುಕನ ಪಾತ್ರ ಮಾಡಿ ಬಂದವರ ಹಾಗೆ ಕಾಣುತ್ತಿದ್ದರು. ಅವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೆ ಕಾಲೇಜಿನ ಕಬಡ್ಡಿ ತಂಡ ಅವರದೇ ಆಗಿತ್ತು. ಪಂದ್ಯವಿದ್ದ ದಿನ ಗಿರಣಿಗೆ ಬೀಗ.

"ನಮ್ಮ ತಮ್ಮನ ಮದುವಿಗೆ ಒಂದೊಪ್ಪತ್ತು ಮುಚ್ಚಲಿಲ್ಲ, ಈಗ ಹುಡುಗೀರ ಆಟಕ್ಕೆ ದಿನಾಪೂರ್ತಿ ಮುಚ್ತಾರೆ ನೋಡು," ಎಂದು ಅವ್ವ ಪಕ್ಕದ ಮನೆಯವರಿಗೆ ಹೇಳುತ್ತಿದ್ದಳು. ಹೇಳಿ, ತಾನೂ ಸೆರಗು ಸರಿಮಾಡಿಕೊಂಡು ಮೈದಾನಕ್ಕೆ ಬರುತ್ತಿದ್ದಳು.

ಆ ವರ್ಷ ಹುಡುಗಿಯರ ತಂಡ ಚೆನ್ನಾಗಿತ್ತು. ಶೋಭಾ ಎಂಬ ಹುಡುಗಿ ದಾಳಿಗೆ ಹೋದರೆ ಬರಿಗೈಯಲ್ಲಿ ವಾಪಸು ಬರುತ್ತಿರಲಿಲ್ಲ. ಓಣಿಯಲ್ಲಿ ನಾವು ಚಿಕ್ಕ ಹುಡುಗಿಯರು ಕಬಡ್ಡಿ ಆಡುವಾಗ ಎಲ್ಲರೂ ಶೋಭಾ ಆಗಬೇಕು. ಅದಕ್ಕೇ ಜಗಳವಾಗಿ ಆಟ ನಿಲ್ಲುತ್ತಿತ್ತು.

ಮೆಕ್ಕೆಜೋಳದ ಕೊಯ್ಲಿನ ಕಾಲ. ಊರಿಗೆ ಬರುವ ರಸ್ತೆಗಳ ಅರ್ಧಭಾಗವೆಲ್ಲ ಒಣಹಾಕಿದ ಕಾಳಿನಿಂದ ಹಳದಿಯಾಗಿತ್ತು. ಆ ವರ್ಷದ ಮೊದಲ ಪಂದ್ಯ ನಮ್ಮ ಮೈದಾನದಲ್ಲೇ, ಉಳವಿ ಕಡೆಯಿಂದ ಬಂದ ಒಂದು ಹೊಸ ತಂಡದ ಮೇಲೆ. ಪಾಪ, ಆ ಹುಡುಗಿಯರು ಆಟ ಕಲಿಯತೊಡಗಿ ಒಂದು ಮಳೆಗಾಲವೂ ಕಳೆದಿರಲಿಲ್ಲ. ಒಬ್ಬಳ ಅಂಗಿ ಒಂದು ಬಣ್ಣ, ಇನ್ನೊಬ್ಬಳದು ಇನ್ನೊಂದು. ಶೋಭಾ ಗೆರೆ ದಾಟಿದರೆ ಸಾಕು, ಕುಕ್ಕೆಯೊಳಗಿನ ಕೋಳಿಮರಿಗಳಂತೆ ಮೂಲೆ ಸೇರುತ್ತಿದ್ದರು. ಲೆಕ್ಕ ಬರೆಯುವವರಿಗೇ ಬೇಸರ ಬರುವಷ್ಟು ಸುಲಭವಾಗಿ ನಾವು ಗೆದ್ದೆವು.

ಮರುದಿನ ಸಂಜೆ ಗಿರಣಿಯ ಮುಂದೆ ಸಭೆ ಸೇರಿತು. ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟಾಗಿದ್ದ ಪರಮೇಶಣ್ಣ ಪೇಪರಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದಿದ್ದ. ಒಂದು ಸೇರು ಅಕ್ಕಿ ಬೀಸಿಸಲು ಬಂದು ಅರ್ಧ ದಿನ ಕೂರುವ ಗಂಗಮ್ಮಜ್ಜಿ ಬಾಗಿಲ ಹತ್ತಿರ ಕೂತಿದ್ದಳು. ಒಳಗೆ ಗಿರಣಿ ಗಡಗಡ ಓಡುತ್ತಿತ್ತು. ಅದರ ಸದ್ದಿನಲ್ಲಿ ಮಾತಾಡಬೇಕೆಂದರೆ ಎಲ್ಲರೂ ಗಂಟಲು ಹರಿಯುವಂತೆ ಕೂಗಲೇಬೇಕು.

"ಈ ಸಲ ಕಪ್ಪು ನಮ್ದೇ ರುದ್ರಣ್ಣ! ಬರೆದಿಟ್ಕ!" ಎಂದು ಪರಮೇಶಣ್ಣ ಅಪ್ಪಾಜಿಗೆ ಕೂಗಿ ಹೇಳಿದ.

"ಬಣವಿ ಮ್ಯಾಲೆ ಕುಸ್ತಿ ಗೆದ್ದಂಗಾತು ನಿಮ್ದು," ಎಂದಳು ಗಂಗಮ್ಮಜ್ಜಿ. "ಬಿದ್ರೂ ನೋವಿಲ್ಲ, ಗೆದ್ರೂ ಹೆಸರಿಲ್ಲ. ಸೊರಬದೋರ ಮೇಲೆ ಆಡ್ಲಿ, ಆಮ್ಯಾಲೆ ಹೇಳು."

ಸೊರಬ ಎಂಬ ಹೆಸರು ಬಂದದ್ದೇ ಎಲ್ಲರ ಮುಖ ಗಂಭೀರವಾಯಿತು. ಮುಂದಿನ ಪಂದ್ಯ ಅವರ ಮೇಲೆ, ಅವರ ಊರಿನಲ್ಲೇ. ತಂಡದ ಹುಳುಕು ಹುಡುಕುವ ಕೆಲಸ ಶುರುವಾಯಿತು. ಗೆದ್ದ ತಂಡದಲ್ಲೂ ಒಂದು ಕೊರತೆ ಸಿಗದಿದ್ದರೆ ಅಭಿಮಾನಿಗಳಿಗೆ ಉಂಡ ಅನ್ನ ಅರಗುವುದಿಲ್ಲ. ಒಬ್ಬಳ ಉಸಿರು ಸಾಲದು, ಇನ್ನೊಬ್ಬಳು ಬೇಗ ಹೆದರುತ್ತಾಳೆ ಎಂದೆಲ್ಲ ಆದಮೇಲೆ ಮಾತು ಎಡಮೂಲೆಯಲ್ಲಿ ಆಡುವ ನಾಗವೇಣಿಗೆ ಬಂತು. ಹಿಂದಿನ ದಿನ ಅವಳು ಒಬ್ಬರನ್ನೂ ಹಿಡಿದಿರಲಿಲ್ಲ.

ಅಪ್ಪಾಜಿ ಜೋಳದ ಬುಟ್ಟಿಯನ್ನು ಗಿರಣಿಯ ಬಾಯಿಗೆ ಸುರಿಯುತ್ತ, ಬೆನ್ನು ತಿರುಗಿಸಿಕೊಂಡೇ ಕೂಗಿದರು: "ಆ ನಾಗವೇಣಿನ್ನ ಮೊದ್ಲು ತಗೀಬೇಕು! ಆಟ ಆಡಕ್ಕೆ ಬಂದಾಳೋ, ಕಂಬ ನಿಂತಂಗೆ—"

ಕರೆಂಟು ಹೋಯಿತು. ಗಿರಣಿ ನರಳಿ ನಿಂತಿತು.

"—ನಿಲ್ಲಕ್ಕೆ ಬಂದಾಳೋ! ದಂಡಪಿಂಡ!"

ಅಷ್ಟು ದೊಡ್ಡ ದನಿ ಆ ಸದ್ದಿಲ್ಲದ ಓಣಿಯಲ್ಲಿ ಬೆತ್ತಲೆಯಾಗಿ ಬಿತ್ತು. ಎದುರು ಮನೆಯವರು ಕಿಟಕಿಯಿಂದ ಇಣುಕಿದರು. ಅಪ್ಪಾಜಿ ನಗುತ್ತ ಈ ಕಡೆ ತಿರುಗಿದರು. ಸಾಲಿನಲ್ಲಿ ಕೊನೆಗೆ, ರಾಗಿಯ ಡಬ್ಬಿಯನ್ನು ಸೊಂಟಕ್ಕೆ ಒತ್ತಿಕೊಂಡು ನಾಗವೇಣಿ ನಿಂತಿದ್ದಳು.

ಅವಳು ತಾಳಗುಂದದವಳು. ಅವರ ಊರಿನ ಗಿರಣಿ ಕೆಟ್ಟಿದ್ದರಿಂದ ಸಂಜೆ ಹಿಟ್ಟು ಒಯ್ಯಲೆಂದು ಅವತ್ತು ಮೊದಲ ಸಲ ಕಾಲೇಜಿಗೆ ಬರುವಾಗ ಕಾಳು ತಂದಿದ್ದಳಂತೆ. ನಮಗೆ ಅದು ಗೊತ್ತಿರಲಿಲ್ಲ. ಅವಳು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು, "ಬಸ್ಸಿಗೆ ಹೊತ್ತಾತು, ನಾಳೆ ಒಯ್ತೀನಿ ಅಣ್ಣಾ," ಎಂದು ಹೊರಟಳು. ಅಪ್ಪಾಜಿಯ ಬಾಯಿ ತೆರೆದೇ ಇತ್ತು. ಪರಮೇಶಣ್ಣ ತನ್ನ ಕೈಯ ಬಜ್ಜಿಯನ್ನೇ ನೋಡುತ್ತ ಕೂತ.

"ನಿನ್ನ ಬಾಯಿ ಮುಚ್ಸಕ್ಕೆ ಆ ದೇವ್ರೇ ಸ್ವಿಚ್ ಆರ್ಸಿದ್ದ, ನೀನೇ ಕೇಳ್ಲಿಲ್ಲ," ಎಂದಳು ಗಂಗಮ್ಮಜ್ಜಿ.

ನಾಗವೇಣಿ ಮರುದಿನ ಡಬ್ಬಿ ಒಯ್ಯಲು ಬರಲಿಲ್ಲ. ಮೈದಾನಕ್ಕೂ ಬರಲಿಲ್ಲ. ನಾನು ದಿನಾ ಶಾಲೆಯಿಂದ ಬರುವಾಗ ಬೇಲಿಯ ಸಂದಿಯಲ್ಲಿ ನೋಡಿಕೊಂಡು ಬಂದು ವರದಿ ಮಾಡುತ್ತಿದ್ದೆ. ಪ್ರತಿಸಲ "ಇಲ್ಲ ಅಪ್ಪಾಜಿ" ಎಂದಾಗಲೂ ಅವರು ಬೀಸಿ ಮೂಲೆಯಲ್ಲಿಟ್ಟಿದ್ದ ಡಬ್ಬಿಯ ಕಡೆ ನೋಡುತ್ತಿದ್ದರು. ಒಂದು ಸಂಜೆ ಶೋಭಾಳೇ ಗಿರಣಿಗೆ ಬಂದಳು.

"ರುದ್ರಣ್ಣ, ಅವಳಿಲ್ದೆ ಸೊರಬಕ್ಕೆ ಹೋಗೋದು ಒಂದೇ, ಬಿಡೋದು ಒಂದೇ. ಆ ಮೂಲೆ ಕಾಯಕ್ಕೆ ಅವಳದಾಳೆ ಅನ್ನೋ ಧೈರ್ಯಕ್ಕೇ ನಾನು ಅಷ್ಟು ದೂರ ನುಗ್ಗೋದು," ಎಂದಳು. ಬೈಯಲಿಲ್ಲ. ಬೈದಿದ್ದರೆ ಅಪ್ಪಾಜಿಗೆ ಹಗುರವಾಗುತ್ತಿತ್ತೇನೋ.

ಭಾನುವಾರ ಬೆಳಿಗ್ಗೆ ಅಪ್ಪಾಜಿ ಮೊಪೆಡ್ಡನ್ನು ಒರೆಸಿ, ಹಿಟ್ಟಿನ ಡಬ್ಬಿಯನ್ನು ಕಾಲ ಬಳಿ ಇಟ್ಟುಕೊಂಡರು. ಅವ್ವ ನನ್ನನ್ನು ಹಿಂದೆ ಹತ್ತಿಸಿದಳು. "ನೀನೂ ಹೋಗು. ಒಬ್ರೇ ಹೋದ್ರೆ ಅರ್ಧ ದಾರಿಗೆ ವಾಪಸ್ ಬರ್ತಾರೆ," ಎಂದು ನನ್ನ ಕಿವಿಯಲ್ಲಿ ಹೇಳಿದಳು.

ತಾಳಗುಂದದಲ್ಲಿ ಶಾಸನದ ಗುಡಿಯ ಹತ್ತಿರ ಕೇಳಿದರೆ ಯಾರೋ ಮನೆ ತೋರಿಸಿದರು. ಅಂಗಳದಲ್ಲಿ ಕುರಿಹಟ್ಟಿ. ಉಣ್ಣೆ, ಹಿಕ್ಕೆ, ಹಾಲು ಎಲ್ಲ ಬೆರೆತ ವಾಸನೆ. ನಾಗವೇಣಿಯ ಅಪ್ಪ ಕಂಬಳಿ ಹಾಸಿದರು.

"ಬರ್ರಿ ಗಿರಣಿಯವ್ರೆ, ಕೂಡ್ರಿ! ಹಿಟ್ಟು ಮನಿತನಕ ತಂದ್ರಾ? ಅಷ್ಟು ದೊಡ್ಡ ಗಿರಾಕಿ ಏನ್ರೀ ನಾವು?" ಎಂದು ನಕ್ಕರು.

ಅವಳು ಮನೆಯಲ್ಲಿ ಏನನ್ನೂ ಹೇಳಿರಲಿಲ್ಲ ಎಂಬುದು ನಮಗಾಗ ತಿಳಿಯಿತು. ಅವಳ ತಾಯಿ ಬೆಲ್ಲದ ಚಹಾ ಕೊಟ್ಟರು, ನನಗೆ ರೊಟ್ಟಿಯ ಮೇಲೆ ಹುಚ್ಚೆಳ್ಳಿನ ಪುಡಿ, ಬೆಣ್ಣೆ ಇಟ್ಟು ಕೊಟ್ಟರು. ಅಪ್ಪಾಜಿ ಚಹಾ ಕುಡಿದರು, ಮಳೆಯ ಮಾತಾಡಿದರು, ಮೆಕ್ಕೆಜೋಳದ ಮಾತಾಡಿದರು. ಹೇಳಲು ಬಂದ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಅಷ್ಟರಲ್ಲಿ ಹಟ್ಟಿಯಿಂದ ಒಂದು ಕುರಿ ತಡಿಕೆ ಹಾರಿ ಓಡಿತು. ಬಾಗಿಲಲ್ಲಿದ್ದ ನಾಗವೇಣಿ ಅದರ ಹಿಂದೆ ಓಡಲಿಲ್ಲ. ಸುಮ್ಮನೆ ನಿಂತಳು. ಅದು ಅಂಗಳ ಸುತ್ತಿ, ದಾರಿ ಕಾಣದೆ ಅವಳ ಪಕ್ಕದಲ್ಲೇ ನುಸುಳಹೊರಟಾಗ ಬಗ್ಗಿ ಹಿಂಗಾಲು ಹಿಡಿದಳು. ಮುಗಿಯಿತು.

ಅಪ್ಪಾಜಿ ಲೋಟ ಕೆಳಗಿಟ್ಟು ಎದ್ದು ಹಟ್ಟಿಯ ಹತ್ತಿರ ಹೋದರು. ನಾನೂ ಹಿಂದೆ ಹೋದೆ.

"ತಂಗೀ, ಅವತ್ತು ಗಿರಣಿ ಸದ್ದಿನಾಗೆ..."

"ಇರ್ಲಿ ಬಿಡ್ರಿ ಅಣ್ಣಾ. ಗಿರಣಿ ಸದ್ದಿಗೆ ನೀವೇನ್ ಮಾಡ್ತೀರಿ."

"ಸದ್ದಿಂದಲ್ಲವ್ವ ತಪ್ಪು. ಮಾತು ನಂದೇ. ಅನ್ನಬಾರದಿತ್ತು."

ಅವಳು ಕುರಿಯ ಬೆನ್ನಿನ ಮೇಲಿನ ಹುಲ್ಲು ತೆಗೆಯುತ್ತ ನಿಂತಳು. ಆಮೇಲೆ ಹೇಳಿದಳು: "ಆ ಹುಡುಗೀರು ಹೊಸೋರು. ಅಂಜಿಕೊಂಡು ಗೆರಿ ಹತ್ರಾನೇ ಆಡಿ ವಾಪಸ್ ಹೋಗೋರು. ನನ್ನ ಮೂಲಿಗೆ ಯಾರೂ ಬರ್ಲೇ ಇಲ್ಲ. ನಾನು ಮುಂದೆ ಓಡಿದ್ರೆ ಮೂಲೆ ಖಾಲಿ ಬೀಳತ್ತೆ. ನಿಲ್ಲೋದೇ ನನ್ನ ಕೆಲ್ಸ ಅಣ್ಣಾ." ಅವಳು ಕುರಿಯನ್ನು ಹಟ್ಟಿಯೊಳಗೆ ಬಿಟ್ಟಳು. "ಕಂಬ ಅಂದಿದ್ದಕ್ಕಲ್ಲ ಬ್ಯಾಸರ. ಆಟ ಗೊತ್ತಿಲ್ದೋರು ಅಂದಿದ್ರೆ ನಕ್ಕು ಬಿಡ್ತಿದ್ದೆ. ನೀವು ದಿನಾ ನೋಡೋರು."

ಅಪ್ಪಾಜಿ ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡರು. ಅವತ್ತು ಮುಖದ ಮೇಲೆ ಹಿಟ್ಟೇನೂ ಇರಲಿಲ್ಲ.

"ಸೊರಬಕ್ಕೆ ಬಾರವ್ವ. ನಾನು ಬಾಯಿ ಬಿಟ್ರೆ ಕೇಳು."

"ಬಾಯಿ ಬಿಡ್ರಿ! ನೀವು ಕೂಗದಿದ್ರೆ ಆಡಿದಂಗೇ ಆಗಲ್ಲ ನಮಗೆ," ಎಂದು ಅವಳು ಕಣ್ಣೊರೆಸಿಕೊಂಡು ನಕ್ಕಳು. "ಕುರಿ ಮರಿ ಹಾಕ್ತಾ ಅದಾವೆ, ನಮ್ಮಣ್ಣ ಊರಾಗಿಲ್ಲ, ಅದಕ್ಕೂ ಬಂದಿಲ್ಲ. ನಾಳೆ ಅವನು ಬರ್ತಾನೆ. ನಾಡಿದ್ದಿಂದ ನಾನು ಬರ್ತೀನಿ."

ಹೊರಡುವಾಗ ಅವಳು ನನ್ನ ಕೈಗೆ ಆಗ ತಾನೆ ಹುಟ್ಟಿದ ಮರಿಯೊಂದನ್ನು ಕೊಟ್ಟಳು. ಅದರ ಎದೆ ನನ್ನ ಅಂಗೈಯಲ್ಲಿ ಡವಡವ ಹೊಡೆದುಕೊಳ್ಳುತ್ತಿತ್ತು. ವಾಪಸು ಬರುವಾಗ ಅಪ್ಪಾಜಿ ಊರು ಹತ್ತಿರವಾದಂತೆ ಸಿಳ್ಳೆ ಹಾಕತೊಡಗಿದರು.

ಸೊರಬದ ಪಂದ್ಯದ ದಿನ ತಂಡದ ಹುಡುಗಿಯರೂ ನಾವೂ ಒಂದೇ ಬಸ್ಸಿನಲ್ಲಿ ಹೋದೆವು. ಅವರ ತಂಡ ಗಟ್ಟಿ. ಉದ್ದ ಕಾಲಿನ ಒಬ್ಬ ಹುಡುಗಿ ದಾಳಿಗೆ ಬಂದರೆ ನಮ್ಮವರ ಅರ್ಧ ಅಂಕಣವೇ ಅವಳ ಒಂದು ಹೆಜ್ಜೆಗೆ ಸಿಗುತ್ತಿತ್ತು. ಎರಡು ಸಲ ಅವಳು ಪಾಯಿಂಟು ಒಯ್ದಳು. ಮೂರನೇ ಸಲ ಎಡಮೂಲೆಗೆ ಕಾಲು ಚಾಚಿದಳು. ನಾಗವೇಣಿ ಅಲ್ಲಾಡದೆ ನಿಂತಿದ್ದಳು, ಕಾಲು ಹತ್ತಿರ ಬರುವ ತನಕ ನಿಂತೇ ಇದ್ದಳು, ಆಮೇಲೆ ಎರಡೂ ಕೈಯಲ್ಲಿ ಪಾದ ಹಿಡಿದು ಕೂತುಬಿಟ್ಟಳು. ಅಪ್ಪಾಜಿ ಎಂಥ ಕೂಗು ಹಾಕಿದರೆಂದರೆ ಪಕ್ಕದಲ್ಲಿದ್ದ ಸೊರಬದ ಯಜಮಾನರೊಬ್ಬರು ಕಿವಿ ಮುಚ್ಚಿಕೊಂಡರು. "ಎಂಥದು ಮಾರಾಯ್ರೆ, ನಿಮ್ಮ ಮಗಳೇನ ಅವ್ಳು?" ಎಂದು ಕೇಳಿದರು.

"ಹೌದ್ರೀ," ಎಂದುಬಿಟ್ಟರು ಅಪ್ಪಾಜಿ. ನಾನು ಅವರ ಮುಖ ನೋಡಿದೆ. ಅವರು ನನ್ನ ಕಡೆ ತಿರುಗಲೇ ಇಲ್ಲ.

ನಾಗವೇಣಿ ಇನ್ನೂ ಎರಡು ಸಲ ಆ ಹುಡುಗಿಯನ್ನು ಹಿಡಿದಳು. ಆದರೂ ನಾವು ಗೆಲ್ಲಲಿಲ್ಲ. ಕೊನೆಯ ದಾಳಿಗೆ ಹೋದ ಶೋಭಾ ಬೇಡದ ಕಡೆ ನುಗ್ಗಿ ಸಿಕ್ಕಿಬಿದ್ದಳು. ಒಂದೇ ಪಾಯಿಂಟಿನಲ್ಲಿ ಸೋತೆವು.

ವಾಪಸು ಬರುವ ಬಸ್ಸು ಹೊರಟಾಗ ಶೋಭಾ ಮುಂದಿನ ಸೀಟಿನಲ್ಲಿ ನಾಗವೇಣಿಯ ಹೆಗಲಿಗೆ ಮುಖವಿಟ್ಟು ಬಿಕ್ಕುತ್ತಿದ್ದಳು. ಹಿಂದೆ ಪರಮೇಶಣ್ಣ ತಡೆಯಲಾರದೆ ಶುರು ಮಾಡಿದ: "ಅಲ್ಲ, ಶೋಭಾ ಆ ಕಡಿಗೆ ಯಾಕೆ..."

"ಪರಮೇಶಿ," ಎಂದರು ಅಪ್ಪಾಜಿ, ಮೆತ್ತಗೆ. "ಹುಡುಗಿ ಇಲ್ಲೇ ಅದಾಳೆ. ಊರಿಗೆ ಹೋಗಿ ಮಾತಾಡಾನ."

ಆಮೇಲೆ ಓಲಾಡುವ ಬಸ್ಸಿನಲ್ಲಿ ಸೀಟು ಹಿಡಿದು ಹಿಡಿದು ಮುಂದೆ ಹೋಗಿ, ಅವ್ವ ಕಟ್ಟಿಕೊಟ್ಟಿದ್ದ ಒಗ್ಗರಣೆ ಮಂಡಕ್ಕಿಯ ಡಬ್ಬಿಯನ್ನು ಹುಡುಗಿಯರ ಮಡಿಲಲ್ಲಿಟ್ಟರು. "ಮೊದ್ಲು ಹೊಟ್ಟಿಗೆ ಹಾಕ್ಕಳ್ರವ್ವ." ಸ್ವಲ್ಪ ಹೊತ್ತಿಗೆ ಯಾರೋ ಸೊರಬದ ಅಂಪೈರನ ನಡಿಗೆಯನ್ನು ಅಣಕಿಸಿದರು. ಶೋಭಾ ಅಳುತ್ತಲೇ ನಕ್ಕಳು.

ಊರಿಗೆ ಬಂದಮೇಲೆ ಮಾತಾಡದೆ ಬಿಡಲಿಲ್ಲ ಅನ್ನಿ. ಆ ವಾರವೆಲ್ಲ ಗಿರಣಿಯ ಮುಂದೆ ಅದೇ ಪಂದ್ಯ. ಆದರೆ ಈಗ ಶೋಭಾ, ನಾಗವೇಣಿ ಇಬ್ಬರೂ ಸಂಜೆ ಕಾಲೇಜು ಬಿಟ್ಟೊಡನೆ ಬಂದು ನನ್ನ ಪಕ್ಕದಲ್ಲೇ ಚೀಲಗಳ ಮೇಲೆ ಕೂರುತ್ತಿದ್ದರು.

"ನಾನು ಆ ಕಡಿ ಹೋಗಬಾರದಿತ್ತು, ಅಲ್ಲೇನು ರುದ್ರಣ್ಣ?" ಎಂದು ಶೋಭಾ ಕೂಗಿ ಕೇಳುತ್ತಿದ್ದಳು.

"ಹೂಂ ಕಣವ್ವಾ, ಹೋಗಬಾರದಿತ್ತು!" ಎಂದು ಅಪ್ಪಾಜಿ ಅಷ್ಟೇ ಜೋರಾಗಿ ಕೂಗುತ್ತಿದ್ದರು. ನಾಗವೇಣಿ ಎದ್ದು, ಸೀರೆಯುಟ್ಟ ಗಂಗಮ್ಮಜ್ಜಿಯನ್ನೇ ದಾಳಿಗೆ ಕರೆದು, ಎಲ್ಲಿ ನಿಲ್ಲಬೇಕಿತ್ತು ಎಂದು ಆಡಿ ತೋರಿಸುತ್ತಿದ್ದಳು. ಅಜ್ಜಿ ಅವಳ ಕೈಗೆ ಸಿಗದೆ ಗೆರೆ ಮುಟ್ಟಿ, ತಾನೇ ಗೆದ್ದೆನೆಂದು ಕೂಗುತ್ತಿದ್ದಳು. ಓಣಿಯಲ್ಲಿ ನಾವು ಹುಡುಗಿಯರು ಈಗ ನಾಗವೇಣಿಯಾಗಲು ಜಗಳವಾಡುತ್ತಿದ್ದೆವು.

ಎಷ್ಟೋ ವರ್ಷವಾಯಿತು. ಅಪ್ಪಾಜಿ ಹೋದರು, ಅದಕ್ಕೂ ಮೊದಲೇ ಗಿರಣಿ ಹೋಗಿತ್ತು. ಪ್ಯಾಕೆಟ್ಟಿನ ಹಿಟ್ಟು ಮನೆಮನೆಗೆ ಬಂದಮೇಲೆ ಯಾರೂ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಗಂಗಮ್ಮಜ್ಜಿಯ ಮನೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಶೋಭಾ, ನಾಗವೇಣಿ ಎಲ್ಲಿದ್ದಾರೋ, ಮದುವೆಯಾಗಿ ಬೇರೆ ಬೇರೆ ಊರು ಸೇರಿದರೆಂದು ಕೇಳಿದ್ದೇನೆ.

ಹೋದ ವರ್ಷ ಮಗಳನ್ನು ಕರೆದುಕೊಂಡು ಅದೇ ಮೈದಾನಕ್ಕೆ ಹೋಗಿದ್ದೆ. ಈ ಕಾಲದ ಹುಡುಗಿಯರ ತಂಡ, ವರ್ಷದ ಮೊದಲ ಪಂದ್ಯ. ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಕಾಲಿಗೆ ಒಳ್ಳೆಯ ಬೂಟು. ಆಟ ನಮ್ಮ ಕಾಲದವರಿಗಿಂತ ಚುರುಕು, ನಿಜ ಹೇಳಬೇಕು. ಸುಲಭವಾಗಿ ಗೆದ್ದರು. ಜನ ಫೋನು ಎತ್ತಿ ಹಿಡಿದು ವಿಡಿಯೋ ಮಾಡಿಕೊಂಡರು, ಚಪ್ಪಾಳೆ ಹೊಡೆದರು. ಸೀಟಿ ಊದಿದ್ದೇ ತಡ, ಬೈಕುಗಳು ಹೊರಟವು. ನೋಡುನೋಡುತ್ತಿದ್ದಂತೆ ಮೈದಾನ ಖಾಲಿ.

ನಾನು ಕೂತೇ ಇದ್ದೆ. ಆ ತಂಡದ ಬಗ್ಗೆ ಹೇಳುವುದು ನನಗೆ ಬೇಕಾದಷ್ಟಿತ್ತು. ಪಕ್ಕದಲ್ಲಿ ಯಾರಾದರೂ ಕೂತು "ಅಲ್ಲ, ಆ ಹುಡುಗಿ..." ಎಂದು ಶುರು ಮಾಡಿಯಾರೇನೋ ಎಂದು ಸುತ್ತ ನೋಡಿದೆ.

"ಏಳಮ್ಮ," ಎಂದು ಮಗಳು ಕೈ ಎಳೆದಳು. "ಗೆದ್ವಲ್ಲ, ಇನ್ನೇನಿದೆ?"